ಅಂಗಳದ ಹಸಿರು: ಕೈಗುಣವಲ್ಲ, ಕೈಯಳತೆ



ಈ ಸಲ ಬಂದ ಪತ್ರಗಳಲ್ಲಿ ಒಂದನ್ನು ಓದಿ ಮನಸ್ಸು ಪಿಚ್ಚೆಂದಿತು. ಚಿತ್ರದುರ್ಗದ ಕಡೆಯ ಗೃಹಿಣಿಯೊಬ್ಬರು ಬರೆದಿದ್ದಾರೆ. ಅವರ ಅತ್ತೆ ಹನ್ನೆರಡು ವರ್ಷ ಸಾಕಿದ ಬ್ರಹ್ಮಕಮಲದ ಕುಂಡವನ್ನು, ಮಂಡಿನೋವಿನಿಂದ ಮಹಡಿ ಹತ್ತಲಾಗದೆ, ಸೊಸೆಯ ಕೈಗೆ ಒಪ್ಪಿಸಿದರಂತೆ. ಸೊಸೆ ಹಟ ತೊಟ್ಟು ಸೇವೆ ಮಾಡಿದರು. ವಾರಕ್ಕೊಮ್ಮೆ ಕಡಲೆಕಾಯಿ ಹಿಂಡಿ ನೆನೆಸಿದ ನೀರು, ದಿನವೂ ಟೀ ಚರಟ, ನಡುನಡುವೆ ಒಂದು ಚಿಟಿಕೆ ಯೂರಿಯಾ. ಮೊದಲ ವರ್ಷ ಎಲೆಗಳು ಅಂಗೈ ಅಗಲ ಬಂದವು, ಹೂವು ಮಾತ್ರ ಒಂದೂ ಇಲ್ಲ. ಎರಡನೆಯ ವರ್ಷದ ಮಳೆಗಾಲದಲ್ಲಿ ಬುಡವೇ ಕೊಳೆತು ಗಿಡ ಕುಸಿಯಿತು. ಹಿಂದೆಲ್ಲ ಹೂ ಬಿಟ್ಟ ರಾತ್ರಿ ಬೀದಿಯವರೆಲ್ಲ ಬಂದು ನೋಡಿ, ಆರತಿ ಎತ್ತಿ ಹೋಗುತ್ತಿದ್ದ ಗಿಡ ಅದು. ಈಗ ಅತ್ತೆ, "ನಿನ್ನ ಕೈಗುಣ ಸರಿಯಿಲ್ಲ ಕಣೇ" ಅಂದುಬಿಟ್ಟಿದ್ದಾರೆ. "ಅಕ್ಕಾ, ನಿಜವಾಗಿ ನನ್ನ ಕೈಗುಣವೇ ಕೆಟ್ಟದ್ದೇ? ತುಳಸಿ, ಮಲ್ಲಿಗೆ, ಕರಿಬೇವು ಎಲ್ಲಾ ನನ್ನ ಕೈಯಲ್ಲೇ ಚೆನ್ನಾಗಿವೆಯಲ್ಲ?" ಎಂದು ಕೇಳಿದ್ದಾರೆ.

ಇಲ್ಲಮ್ಮ, ನಿಮ್ಮ ಕೈಗುಣಕ್ಕೆ ಏನೂ ಆಗಿಲ್ಲ. ತಪ್ಪಿದ್ದು ಕೈಯಳತೆ. ಮಲ್ಲಿಗೆಗೆ ಬಡಿಸಿದ ಊಟವನ್ನೇ ಕಳ್ಳಿಯ ಜಾತಿಗೂ ಬಡಿಸಿದಿರಿ, ಅಷ್ಟೇ. ನಾನೂ ಇದೇ ತಪ್ಪು ಮಾಡಿದವಳು. ಕಿಟಕಿಯಲ್ಲಿಟ್ಟ ಪುಟ್ಟ ಜೇಡ್ ಗಿಡಕ್ಕೆ ಒಂದು ಹಿಡಿ ಹಿಂಡಿ ಪುಡಿ ಹಾಕಿ, ಹದಿನೈದು ದಿನದಲ್ಲಿ ಅದರ ಬುಡವನ್ನು ಹಲಸಿನ ಹಣ್ಣಿನ ಹಾಗೆ ಮೆತ್ತಗೆ ಮಾಡಿದ್ದೆ. ಆದ್ದರಿಂದ ಈ ಸಂಚಿಕೆಯಲ್ಲಿ ಲೋಳೆಸರ, ಜೇಡ್, ಕಾಡುಬಸಳೆ, ಅಡೆನಿಯಂ, ಬ್ರಹ್ಮಕಮಲ ಮುಂತಾದ ದಪ್ಪ ಎಲೆ, ದಪ್ಪ ಕಾಂಡದ ಗಿಡಗಳಿಗೆ ಗೊಬ್ಬರ ಎಷ್ಟು, ಯಾವಾಗ, ಹೇಗೆ ಎಂಬುದನ್ನೇ ಮಾತಾಡೋಣ. ನರ್ಸರಿಯವರು ಇವನ್ನೆಲ್ಲ ಸೇರಿಸಿ ಸಕ್ಯುಲೆಂಟ್ ಅನ್ನುತ್ತಾರೆ.

ಇವು ಮಿತಾಹಾರಿಗಳು ಯಾಕೆ?

ಈ ಗಿಡಗಳ ತವರು ನೋಡಿ. ಜೇಡ್ ಗಿಡ ದಕ್ಷಿಣ ಆಫ್ರಿಕಾದ ಕಲ್ಲುಗುಡ್ಡಗಳದು. ಲೋಳೆಸರದ ಮೂಲ ಅರಬ್ ದೇಶಗಳ ಒಣನೆಲ. ಪಾಪಾಸುಕಳ್ಳಿ ಬಂದದ್ದು ಅಮೆರಿಕ ಖಂಡದಿಂದ. ಮಳೆ ಅಪರೂಪ, ಮಣ್ಣು ಬಡವು. ಅಂಥ ಕಡೆ ಹುಟ್ಟಿದ ಗಿಡ, ಸಿಕ್ಕಾಗ ಸಿಕ್ಕಷ್ಟನ್ನು ಮೈಯಲ್ಲಿ ಕೂಡಿಟ್ಟುಕೊಂಡು ನಿಧಾನವಾಗಿ ಖರ್ಚು ಮಾಡುವುದನ್ನು ಕಲಿತಿದೆ. ತಿಂಗಳ ಕೊನೆಯವರೆಗೂ ದಿನಸಿ ಸರಿದೂಗಿಸುವ ನಮ್ಮ ಹಾಗೇ ಅನ್ನಿ!

ಉಸಿರಾಟದಲ್ಲೂ ಇವುಗಳದು ಜಾಣತನ. ಬೇರೆ ಗಿಡಗಳು ಹಗಲು ಹೊತ್ತಿನಲ್ಲಿ ಎಲೆಯ ಸಣ್ಣ ರಂಧ್ರಗಳನ್ನು ತೆರೆದು ಗಾಳಿ ಒಳಕ್ಕೆ ತೆಗೆದುಕೊಂಡರೆ, ಇವುಗಳಲ್ಲಿ ಬಹುಪಾಲು ಗಿಡಗಳು ರಾತ್ರಿ ತೆರೆಯುತ್ತವೆ. ಬಿಸಿಲಿನಲ್ಲಿ ಬಾಯಿ ತೆರೆದರೆ ನೀರು ಆವಿಯಾಗಿ ಹೋಗುತ್ತದಲ್ಲ, ಅದಕ್ಕೆ. ರಾತ್ರಿ ತೆಗೆದುಕೊಂಡ ಇಂಗಾಲದ ಗಾಳಿಯನ್ನು ಎಲೆಯೊಳಗೆ ಹುಳಿಯಾಗಿ ಬಚ್ಚಿಟ್ಟು, ಹಗಲು ಬಿಸಿಲು ಬಂದಾಗ ತೆಗೆದು ಬಳಸುತ್ತವೆ.

ಈ ಗುಟ್ಟನ್ನು ಬಹಳ ಹಿಂದೆಯೇ ನಾಲಿಗೆಯಿಂದ ಕಂಡುಕೊಂಡವರೊಬ್ಬರಿಗೂ ನಮ್ಮ ಬೆಂಗಳೂರಿಗೂ ನಂಟಿದೆ. ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡಿದ್ದ ಬೆಂಜಮಿನ್ ಹೈನ್ ಎಂಬ ಸಸ್ಯಶಾಸ್ತ್ರಜ್ಞರು, ನಮ್ಮ ಬೇಲಿಬದಿಯ ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿಯಾಗಿಯೂ ಮಧ್ಯಾಹ್ನಕ್ಕೆ ಸಪ್ಪೆಯಾಗಿಯೂ ಇರುವುದನ್ನು ಗಮನಿಸಿ 1813ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಗೆ ಪತ್ರ ಬರೆದರು. ಎಲೆಯನ್ನೇ ನೆಟ್ಟರೆ ಅಂಚಿನಲ್ಲಿ ಮರಿ ಮೂಡುವ ಗಿಡವಿದೆಯಲ್ಲ, ಅದೇ ಕಾಡುಬಸಳೆ. (ನೀವು ಮಾತ್ರ ರುಚಿ ನೋಡಲು ಹೋಗಬೇಡಿ. ಕಳ್ಳಿ ಜಾತಿಯ ಎಷ್ಟೋ ಗಿಡಗಳ ರಸ ಹೊಟ್ಟೆಗೂ ಕಣ್ಣಿಗೂ ಆಗದು.)

ಇಷ್ಟು ಜೋಪಾನವಾಗಿ ಬದುಕುವ ಗಿಡ ಬೆಳೆಯುವುದೂ ನಿಧಾನ. ನಿಧಾನ ಬೆಳೆಯುವುದಕ್ಕೆ ಊಟವೂ ಕಡಿಮೆ ಸಾಕು. ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಆದಂತೆ.

ಹೆಚ್ಚಾದರೆ ಆಗುವುದೇನು?

ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಮರುದಿನ ಹೋಳು ನೀರು ಬಿಟ್ಟು ಸುಕ್ಕಾಗಿರುತ್ತದೆ, ಹೌದಲ್ಲ? ಕುಂಡದಲ್ಲೂ ಅದೇ ನಡೆಯುತ್ತದೆ. ಯೂರಿಯಾ, ಡಿಎಪಿ ಮುಂತಾದ ಗೊಬ್ಬರಗಳು ನೀರಿನಲ್ಲಿ ಕರಗುವ ಲವಣಗಳ ಹಾಗೆಯೇ ಕೆಲಸ ಮಾಡುತ್ತವೆ. ಬೇರಿನ ಸುತ್ತ ಅವು ಹೆಚ್ಚಾದರೆ ಬೇರು ನೀರು ಹೀರುವ ಬದಲು ತನ್ನ ನೀರನ್ನೇ ಕಳೆದುಕೊಳ್ಳುತ್ತದೆ. ಹೊಲದಲ್ಲಾದರೆ ಮಳೆನೀರು ಅದನ್ನು ಕೆಳಕ್ಕೆ ಒಯ್ಯುತ್ತದೆ. ಆರು ಇಂಚಿನ ಕುಂಡದಲ್ಲಿ ಎಲ್ಲಿಗೆ ಹೋದೀತು? ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲೆ ರಂಗೋಲಿ ಪುಡಿ ಉದುರಿಸಿದ ಹಾಗೆ ಬಿಳಿ ಪೊರೆ ಕಂಡರೆ ಅದು ಕೂಡಿಕೊಂಡ ಲವಣ. ಬೋರ್‌ವೆಲ್ ನೀರಿನ ಸುಣ್ಣವೂ ಅದರಲ್ಲಿ ಸೇರಿರುತ್ತದೆ.

ಎರಡನೆಯದು ಸಾರಜನಕದ ಕಥೆ. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ. ಹಿಂಡಿಗಳಲ್ಲಿ ಅಷ್ಟಿಲ್ಲದಿದ್ದರೂ ಕಡಲೆಕಾಯಿ ಹಿಂಡಿಯಲ್ಲಿ ಸಾಕಷ್ಟಿದೆ. ಸಾರಜನಕ ಎಲೆ ಬೆಳೆಸುತ್ತದೆ. ದಂಟು, ಪಾಲಕ್ಕಿಗೆ ಅದೇ ಬೇಕು. ಆದರೆ ದಪ್ಪೆಲೆಯ ಗಿಡಕ್ಕೆ ಹೆಚ್ಚು ಕೊಟ್ಟರೆ ಮೈ ಬೇಗ ಉಬ್ಬಿ, ಒಳಗೆ ನೀರು ತುಂಬಿ, ಚರ್ಮ ತೆಳುವಾಗುತ್ತದೆ. ಅಂಥ ಮೈಗೆ ಹಿಟ್ಟು ತಿಗಣೆ ಬೇಗ ಮುತ್ತುತ್ತದೆ, ಮಳೆಗಾಲದಲ್ಲಿ ಕೊಳೆಯೂ ಬೇಗ ಹಿಡಿಯುತ್ತದೆ. ಹೂವಂತೂ ದೂರವೇ ಉಳಿಯಿತು. ಪತ್ರ ಬರೆದ ಸೋದರಿಯ ಬ್ರಹ್ಮಕಮಲದಲ್ಲಿ ಆದದ್ದು ಅಕ್ಷರಶಃ ಇದೇ. ಅಂಗೈ ಅಗಲದ ಎಲೆಯನ್ನು ಕಂಡು ಅವರು ಹಿಗ್ಗಿದ್ದರು ಪಾಪ, ಅದು ಆರೋಗ್ಯವಲ್ಲ, ಬೊಜ್ಜು.

ಹಸಿವೆಯೋ, ಬೇರೆ ಕಾಯಿಲೆಯೋ?

ಗಿಡ ಸೊರಗಿದರೆ ಸಾಕು, ನಮ್ಮ ಕೈ ಗೊಬ್ಬರದ ಡಬ್ಬಿಗೆ ಹೋಗಿಬಿಡುತ್ತದೆ. ಮಗು ಅತ್ತಾಗಲೆಲ್ಲ ಹಸಿವೆಯೇ ಇರಬೇಕೆಂದಿಲ್ಲವಲ್ಲ? ಮೊದಲು ನೋಡಿ:

ಗಿಡ ಬಿಳಿಚಿಕೊಂಡು, ಉದ್ದಕ್ಕೆ ಎಳೆದುಕೊಂಡು, ಕಿಟಕಿಯ ಕಡೆ ವಾಲಿದ್ದರೆ ಅದಕ್ಕೆ ಬೆಳಕು ಸಾಲದು. ಗೊಬ್ಬರ ಹಾಕಿದರೆ ಇನ್ನಷ್ಟು ಎಳೆದುಕೊಳ್ಳುತ್ತದೆ.

ಎಲೆ ಹಳದಿಯಾಗಿ, ಮುಟ್ಟಿದರೆ ಮೆತ್ತಗಿದ್ದರೆ ನೀರು ಹೆಚ್ಚಾಗಿದೆ.

ಎಲೆ ಸುಕ್ಕಾಗಿ, ಮಣ್ಣು ಪೂರ್ತಿ ಒಣಗಿದ್ದರೆ ನೀರು ಬೇಕು.

ಎಲೆಯ ತುದಿ ಕಂದಾಗಿ ಸುಟ್ಟಂತಿದ್ದು, ಕುಂಡದ ಅಂಚಿನಲ್ಲಿ ಬಿಳಿ ಪೊರೆ ಇದ್ದರೆ ಲವಣ ಹೆಚ್ಚಾಗಿದೆ.

ಕೆಳಗಿನ ಒಂದೆರಡು ಎಲೆ ಮಾತ್ರ ಕಾಗದದ ಹಾಗೆ ಒಣಗಿ ಉದುರಿದರೆ ಅದು ವಯಸ್ಸಿನ ಧರ್ಮ. ಚಿಂತೆ ಬೇಡ.

ಬೆಳಕು ಚೆನ್ನಾಗಿದೆ, ನೀರು ಹದವಾಗಿದೆ, ಮಣ್ಣು ಬದಲಿಸಿ ಎರಡು ವರ್ಷ ದಾಟಿದೆ, ಬೆಳೆಯುವ ಕಾಲದಲ್ಲೂ ಹೊಸ ಚಿಗುರಿಲ್ಲ, ಇಡೀ ಗಿಡ ಬಣ್ಣ ಕಳೆದುಕೊಂಡಿದೆ ಎಂದರೆ ಆಗ ಮಾತ್ರ ಅದು ಹಸಿವೆ ಇರಬಹುದು.

ಊಟದ ವೇಳೆ

ನಮ್ಮ ನಾಡಿನಲ್ಲಿ ಈ ಗಿಡಗಳ ಬೆಳವಣಿಗೆ ಹೆಚ್ಚಾಗಿ ಫೆಬ್ರವರಿ ಕೊನೆಯಿಂದ ಅಕ್ಟೋಬರ್‌ವರೆಗೆ. ಶಿವರಾತ್ರಿ ಕಳೆದು ಚಳಿ ಹಿಂದಾದ ಮೇಲೆ ಮೊದಲ ಊಟ, ದಸರಾ ಹೊತ್ತಿಗೆ ಕೊನೆಯ ಊಟ ಎಂದು ನೆನಪಿಟ್ಟುಕೊಳ್ಳಿ. ನವೆಂಬರ್‌ನಿಂದ ಜನವರಿವರೆಗೆ ಏನೂ ಬೇಡ. ಅಡೆನಿಯಂ ಚಳಿಗೆ ಎಲೆ ಉದುರಿಸಿ ಬೋಳಾಗಿ ನಿಲ್ಲುವುದುಂಟು. ಸತ್ತೇ ಹೋಯಿತೆಂದು ಗಾಬರಿಯಾಗಿ ಗೊಬ್ಬರ ಸುರಿಯಬೇಡಿ, ಅದು ನಿದ್ದೆ ಮಾಡುತ್ತಿರುತ್ತದೆ. ಎದ್ದು ಚಿಗುರು ತೋರಿಸಲಿ, ಆಮೇಲೆ ಬಡಿಸೋಣ.

ಆದರೆ ಊರಿಗೊಂದು ಹವೆ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರು ಏಪ್ರಿಲ್, ಮೇ ತಿಂಗಳ ಉರಿಯಲ್ಲಿ ಗೊಬ್ಬರ ಕೊಡಬೇಡಿ. ಆ ಸೆಕೆಗೆ ಕಳ್ಳಿಯೂ ಬೆಳವಣಿಗೆ ನಿಲ್ಲಿಸಿ ಸುಮ್ಮನಿರುತ್ತದೆ. ಮಲೆನಾಡು, ಕರಾವಳಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದಿರುವಾಗ ಗೊಬ್ಬರದ ಮಾತೇ ಎತ್ತಬೇಡಿ. ಕುಂಡಗಳನ್ನು ಸೂರಿನಡಿಗೆ ಎಳೆದಿಟ್ಟರೆ ಅದೇ ದೊಡ್ಡ ಉಪಕಾರ. ಮೈಸೂರು, ಹಾಸನ, ತುಮಕೂರಿನಂಥ ಕಡೆಯವರಿಗೆ ಮಳೆಗಾಲದ ನಡುವೆ ಬಿಸಿಲು ಬಿದ್ದು ಮಣ್ಣು ಒಣಗಿದಾಗ ಒಂದೆರಡು ಸಲ ಕೊಡಲು ಅಡ್ಡಿಯಿಲ್ಲ.

ಅಳತೆ ಹೀಗಿರಲಿ

1. ವರ್ಷದ ಊಟ. ಫೆಬ್ರವರಿ ಕೊನೆಯಲ್ಲಿ ಕುಂಡದ ಮೇಲ್ಮಣ್ಣನ್ನು ಬೇರಿಗೆ ತಾಗದ ಹಾಗೆ ಒಂದು ಇಂಚಿನಷ್ಟು ಕೆರೆದು ತೆಗೆಯಿರಿ. ಆರು ಇಂಚಿನ ಕುಂಡಕ್ಕೆ ಎರಡು ದೊಡ್ಡ ಚಮಚ ಎರೆಹುಳು ಗೊಬ್ಬರಕ್ಕೆ ಅಷ್ಟೇ ದಪ್ಪ ಮರಳು ಬೆರೆಸಿ ಆ ಜಾಗಕ್ಕೆ ತುಂಬಿ. ಜೇಡ್, ಲೋಳೆಸರ, ಸಣ್ಣ ಕಳ್ಳಿಗಳಿಗೆ ಎಷ್ಟೋ ಸಲ ಇಡೀ ವರ್ಷಕ್ಕೆ ಇದೇ ಸಾಕು.

2. ಗೊಬ್ಬರದ ತಿಳಿ. ಚೆನ್ನಾಗಿ ಕಳಿತ, ವಾಸನೆಯಿಲ್ಲದ ಕೊಟ್ಟಿಗೆ ಗೊಬ್ಬರ ಒಂದು ಹಿಡಿ, ನೀರು ಐದು ಲೀಟರ್. ಹಳೆಯ ಬಟ್ಟೆಯಲ್ಲಿ ಗೊಬ್ಬರವನ್ನು ಗಂಟು ಕಟ್ಟಿ ಒಂದು ರಾತ್ರಿ ನೀರಿನಲ್ಲಿ ಇಳಿಬಿಡಿ. ಬೆಳಿಗ್ಗೆ ನೀರು ಹಾಲು ಹಾಕದ ತೆಳು ಟೀ ಬಣ್ಣಕ್ಕೆ ಬಂದಿರಬೇಕು. ಗಾಢವಾಗಿದ್ದರೆ ಇನ್ನಷ್ಟು ನೀರು ಬೆರೆಸಿ. ಕುಂಡಕ್ಕೆ ಒಂದು ಕಾಫಿ ಲೋಟದಷ್ಟು, ಬೆಳೆಯುವ ಕಾಲದಲ್ಲಿ ಆರು ವಾರಕ್ಕೊಮ್ಮೆ. ಹಸಿ ಸಗಣಿ ಮಾತ್ರ ಯಾವ ಕಾರಣಕ್ಕೂ ಬೇಡ.

3. ಅಂಗಡಿಯ ಗೊಬ್ಬರ. ಕೊಳ್ಳುವುದೇ ಆದರೆ ನೀರಿನಲ್ಲಿ ಪೂರ್ತಿ ಕರಗುವ 19:19:19 ಕೇಳಿ. ಈ ಮೂರು ಅಂಕಿ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಪಾಲನ್ನು ಹೇಳುತ್ತವೆ. ಒಂದು ಲೀಟರ್ ನೀರಿಗೆ ಕಾಲು ಟೀ ಚಮಚ, ಅಂದರೆ ಸುಮಾರು ಒಂದು ಗ್ರಾಂ, ಸಾಕು. ಪೊಟ್ಟಣದ ಮೇಲೆ ಬರೆದ ಅಳತೆ ಸಾಮಾನ್ಯ ಹೂಗಿಡ, ತರಕಾರಿಗಳದು. ನಮ್ಮ ಈ ಗಿಡಗಳಿಗೆ ಅದರ ಅರ್ಧ, ಇಲ್ಲವೇ ಕಾಲುಭಾಗ. ಇದೂ ಆರು ವಾರಕ್ಕೊಮ್ಮೆಯೇ. ತಿಳಿಯೂ ಬೇಕು, ಪುಡಿಯೂ ಬೇಕು ಅನ್ನಬೇಡಿ. ಎರಡರಲ್ಲೊಂದು.

ಯಾವುದನ್ನು ಕೊಟ್ಟರೂ ಒಣಮಣ್ಣಿಗೆ ನೇರವಾಗಿ ಹಾಕಬಾರದು. ಹಿಂದಿನ ದಿನ ನೀರುಣಿಸಿ, ಮಣ್ಣು ತೇವವಿರುವಾಗ ಮರುದಿನ ಬೆಳಿಗ್ಗೆ ಗೊಬ್ಬರ ನೀರು ಕೊಡಿ. ಎಲೆಗಳ ಸಂದಿಯಲ್ಲಿ, ಸುಳಿಯಲ್ಲಿ ನಿಲ್ಲದಂತೆ ಬುಡದ ಸುತ್ತ ಮಾತ್ರ ಹಾಕಿ. ಹೊಸದಾಗಿ ತಂದ, ಹೊಸ ಮಣ್ಣಿಗೆ ಬದಲಿಸಿದ ಗಿಡಕ್ಕೆ ಒಂದೂವರೆ ತಿಂಗಳು ಏನೂ ಬೇಡ. ಹೊಸ ಮನೆಗೆ ಬಂದವರು ಮೊದಲು ಹೊಂದಿಕೊಳ್ಳಲಿ!

ಅಡುಗೆಮನೆಯ ಗೊಬ್ಬರಗಳು

ಯಾವುದನ್ನೂ ಬಿಸಾಡಬಾರದು ಎಂಬುದು ನಮ್ಮ ಸ್ವಭಾವ. ಒಳ್ಳೆಯದೇ. ಆದರೆ ಉಳಿದದ್ದೆಲ್ಲ ಕಳ್ಳಿಯ ಕುಂಡಕ್ಕೆ ಸಲ್ಲದು.

ಟೀ ಚರಟದಲ್ಲಿ ಹಾಲು, ಸಕ್ಕರೆಯ ಅಂಶ ಉಳಿದಿರುತ್ತದೆ. ಹಾಗೇ ಸುರಿದರೆ ಇರುವೆ, ಬೂಷ್ಟು ಎರಡೂ ಬರುತ್ತವೆ. ಕಾಫಿ ಚರಟವೂ ಮಣ್ಣಿನ ಮೇಲೆ ಗಟ್ಟಿ ಪದರ ಕಟ್ಟಿ ಗಾಳಿ ಆಡಗೊಡುವುದಿಲ್ಲ. ಎರಡನ್ನೂ ತೊಳೆದು ಕಾಂಪೋಸ್ಟ್ ಡಬ್ಬಕ್ಕೆ ಹಾಕಿ. ಅಕ್ಕಿ ತೊಳೆದ ನೀರು, ಹುಳಿ ಮಜ್ಜಿಗೆ ಕರಿಬೇವಿನ ಪಾಲಿಗಿರಲಿ. ಮನೆಯೊಳಗಿನ ಕುಂಡದಲ್ಲಿ ಅವು ಹುಳಿತು ಸಣ್ಣ ನೊಣಗಳನ್ನು ಕರೆಯುತ್ತವೆ. ಮೊಟ್ಟೆ ಚಿಪ್ಪಿನ ಪುಡಿಯಿಂದ ಕೆಡುಕಿಲ್ಲ, ಆದರೆ ಅದು ಕರಗುವುದು ಬಹಳ ನಿಧಾನ, ಪವಾಡ ನಿರೀಕ್ಷಿಸಬೇಡಿ. ಬಾಳೆಹಣ್ಣಿನ ಸಿಪ್ಪೆಯೂ ಕಾಂಪೋಸ್ಟ್ ಆಗಿಯೇ ಬರಲಿ. ಸೌದೆ ಒಲೆಯ ಬೂದಿಯಲ್ಲಿ ಪೊಟ್ಯಾಷ್ ಇದೆ, ಸುಣ್ಣವೂ ಇದೆ. ಜರಡಿ ಹಿಡಿದ ಬೂದಿ ಕುಂಡಕ್ಕೆ ವರ್ಷಕ್ಕೊಂದು ಟೀ ಚಮಚ ದಾಟಬಾರದು. ಗಡಸು ನೀರಿನ ಊರಿನವರಿಗೆ ಅದೂ ಬೇಡ. ಕಡಲೆಕಾಯಿ ಹಿಂಡಿಯನ್ನು ಗುಲಾಬಿಗೆ, ದಾಸವಾಳಕ್ಕೆ ಧಾರಾಳವಾಗಿ ಬಳಸಿ. ಇತ್ತ ತರಬೇಡಿ.

ತಂಬುಳಿಗೆ ಕೀಳುವ ದೊಡ್ಡಪತ್ರೆಗೆ ಎರೆಗೊಬ್ಬರವೊಂದೇ ಸಾಕು, ಅಂಗಡಿ ಪುಡಿ ಬೇಡ. ಇನ್ನೊಂದು ಮಾತು: ಯೂರಿಯಾ, 19:19:19 ಇವು ನೋಡಲು ಸಕ್ಕರೆ, ಉಪ್ಪಿನಂತೆಯೇ ಇರುತ್ತವೆ. ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿ ಅಡುಗೆಮನೆ ಶೆಲ್ಫಿನಲ್ಲಿ ಇಡುವುದು ಖಂಡಿತ ಬೇಡ. ಹೆಸರು ಬರೆದು, ಮಕ್ಕಳ ಕೈಗೆ ಎಟುಕದ ಕಡೆ, ಮನೆಯ ಹೊರಗಿಡಿ.

ಬ್ರಹ್ಮಕಮಲದ ಲೆಕ್ಕವೇ ಬೇರೆ

ಈಗ ನಮ್ಮ ಸೋದರಿಯ ಗಿಡಕ್ಕೆ ಬರೋಣ. ನಾವು ಮನೆಯಲ್ಲಿ ಬ್ರಹ್ಮಕಮಲ ಎಂದು ಬೆಳೆಸುವುದು ಹಿಮಾಲಯದ ಬ್ರಹ್ಮಕಮಲವಲ್ಲ. ಅದು ಬೇರೆಯೇ ಗಿಡ. ನಮ್ಮದು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಾಡಿನ ಒಂದು ಕಳ್ಳಿ. ನಾವು ಎಲೆ ಅನ್ನುವುದು ನಿಜಕ್ಕೂ ಅದರ ಚಪ್ಪಟೆಯಾದ ಕಾಂಡ. ಮರುಭೂಮಿಯ ಕಳ್ಳಿ ಅಲ್ಲ ಇದು. ಮರಗಳ ಕೊಂಬೆಗಳ ಮೇಲೆ, ಕೊಳೆತ ತರಗೆಲೆ ಕೂಡಿದ ಸಂದುಗಳಲ್ಲಿ, ಸೋಸಿ ಬಂದ ಬೆಳಕಿನಲ್ಲಿ ಬೆಳೆಯುವಂಥದ್ದು. ಹಾಗಾಗಿ ಇದಕ್ಕೆ ಜೇಡ್ ಗಿಡಕ್ಕಿಂತ ತುಸು ಹೆಚ್ಚು ಊಟ ಬೇಕು, ಎಲೆಗೊಬ್ಬರ ಬೆರೆತ ಹಗುರ ಮಣ್ಣು ಬೇಕು. ಹೆಚ್ಚು ಅಂದರೆ ವಾರಕ್ಕೊಮ್ಮೆ ಹಿಂಡಿ ನೀರು ಅಂತಲ್ಲ!

ಒಂದು ಪಾಲು ತೋಟದ ಮಣ್ಣು, ಒಂದು ಪಾಲು ಎಲೆಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು ಮತ್ತು ಇಟ್ಟಿಗೆ ಚೂರು. ಮಾರ್ಚ್‌ನಿಂದ ಮೊಗ್ಗು ಕಾಣುವವರೆಗೆ ತಿಂಗಳಿಗೊಮ್ಮೆ ಮೇಲೆ ಹೇಳಿದ ತಿಳಿ. ಮಾರ್ಚ್‌ನಲ್ಲಿ ಒಂದು ಟೀ ಚಮಚ ಎಲುಬಿನ ಪುಡಿ ಮಣ್ಣಿಗೆ ಬೆರೆಸಿದರೆ ರಂಜಕ ನಿಧಾನವಾಗಿ ಸಿಗುತ್ತದೆ. ಅದನ್ನು ಮುಟ್ಟದ ಮನೆಯವರು ಬಿಟ್ಟರೂ ನಷ್ಟವಿಲ್ಲ, ಎರೆಗೊಬ್ಬರವೇ ನಡೆಸುತ್ತದೆ. ಯೂರಿಯಾ ಸುತರಾಂ ಬೇಡ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಿರುವ ಜಾಗ ಕೊಡಿ. ಗಾಢ ನೆರಳಿನಲ್ಲಿಟ್ಟು ಏನು ಸುರಿದರೂ ಹೂ ಬಿಡದು. ಕುಂಡ ಸ್ವಲ್ಪ ಇಕ್ಕಟ್ಟಾಗಿದ್ದರೂ ಪರವಾಗಿಲ್ಲ.

ಕೆಟ್ಟದ್ದನ್ನು ಉಳಿಸಿಕೊಳ್ಳುವುದು

ಗೊಬ್ಬರ ಹೆಚ್ಚಾಯಿತೆಂದು ಗೊತ್ತಾದ ಕೂಡಲೇ, ಬಿಸಿಲಿನ ದಿನ ನೋಡಿ, ಕುಂಡವನ್ನು ಅಂಗಳಕ್ಕೆ ಒಯ್ದು, ಕುಂಡದ ಮೂರು ನಾಲ್ಕರಷ್ಟು ನೀರನ್ನು ನಿಧಾನವಾಗಿ ಹಾಯಿಸಿ, ತಳದಿಂದ ಪೂರ್ತಿ ಬಸಿದುಹೋಗಲು ಬಿಡಿ. ಲವಣ ತೊಳೆದುಹೋಗುತ್ತದೆ. ಆಮೇಲೆ ಮಣ್ಣು ಚೆನ್ನಾಗಿ ಒಣಗುವ ತನಕ ನೀರು ಬೇಡ.

ಬುಡ ಆಗಲೇ ಮೆತ್ತಗಾಗಿದ್ದರೆ ತೊಳೆದು ಪ್ರಯೋಜನವಿಲ್ಲ. ಗಿಡವನ್ನು ಹೊರತೆಗೆದು, ಕಪ್ಪಾದ ಬೇರು, ಕೊಳೆತ ಭಾಗವನ್ನು ಶುದ್ಧವಾದ ಚಾಕುವಿನಿಂದ ಕತ್ತರಿಸಿ, ನೆರಳಿನಲ್ಲಿ ನಾಲ್ಕೈದು ದಿನ ಒಣಗಿಸಿ. ಗಾಯ ಮಾಗಿದ ಮೇಲೆ ಮರಳು ಹೆಚ್ಚಿರುವ ಹೊಸ ಮಣ್ಣಿನಲ್ಲಿ ನೆಡಿ. ಒಂದು ವಾರ ನೀರಿಲ್ಲ, ಎರಡು ತಿಂಗಳು ಗೊಬ್ಬರವಿಲ್ಲ.

ಬ್ರಹ್ಮಕಮಲವನ್ನಂತೂ ಸತ್ತಿತೆಂದು ಎಸೆಯಲೇಬೇಡಿ. ಬುಡ ಹೋದರೂ ಮೇಲೆ ಗಟ್ಟಿಯಾಗಿ ಹಸಿರಾಗಿ ಒಂದು ಎಲೆ ಉಳಿದಿದ್ದರೆ ಸಾಕು. ಗೇಣುದ್ದ ಕತ್ತರಿಸಿ, ನಾಲ್ಕೈದು ದಿನ ನೆರಳಿನಲ್ಲಿ ಒಣಗಿಸಿ, ಬುಡದ ಕಡೆಯನ್ನೇ ಕೆಳಗೆ ಮಾಡಿ ಎರಡು ಇಂಚು ಆಳಕ್ಕೆ ಊರಿ, ಕಡ್ಡಿಯ ಆಸರೆ ಕೊಡಿ. ತಿಂಗಳೊಪ್ಪತ್ತಿನಲ್ಲಿ ಬೇರು ಬಿಡುತ್ತದೆ. ಹೂವಿಗೆ ಎರಡು ಮೂರು ವರ್ಷ ಕಾಯಬೇಕು.

ಪತ್ರದ ಕೊನೆಯಲ್ಲಿ ನಮ್ಮ ಸೋದರಿ ಇನ್ನೊಂದು ಮಾತು ಬರೆದಿದ್ದಾರೆ. ಹಿಂದೆ ಅತ್ತೆಯ ಗಿಡದಿಂದಲೇ ಪಕ್ಕದ ಮನೆಯವರೂ ಒಂದು ಎಲೆ ಒಯ್ದು ನೆಟ್ಟಿದ್ದರಂತೆ. ಅದು ಈಗ ದೊಡ್ಡದಾಗಿದೆಯಂತೆ. ಹಾಗಿದ್ದ ಮೇಲೆ ಅಳುವುದೇಕೆ? ಇವತ್ತೇ ಹೋಗಿ ಒಂದು ಎಲೆ ಕೇಳಿ ತನ್ನಿ. ಅದು ಬೇರೆ ಗಿಡವಲ್ಲ, ನಿಮ್ಮ ಅತ್ತೆಯ ಗಿಡದ ಮೈಯೇ. ಮತ್ತೆ ಒಂದು ಕೆಲಸ ಮಾಡಿ. ಈ ಸಲ ಕುಂಡವನ್ನು ಮಹಡಿಯ ಮೇಲಲ್ಲ, ಬೆಳಗಿನ ಬಿಸಿಲು ಬೀಳುವ ಜಗಲಿಯ ಹತ್ತಿರ, ಅತ್ತೆ ಕೂರುವ ಕಡೆಯೇ ಇಡಿ. ನೀರು ಯಾವಾಗ, ಗೊಬ್ಬರ ಎಷ್ಟು ಎಂದು ಅವರನ್ನೇ ಕೇಳಿ. ಹನ್ನೆರಡು ವರ್ಷ ಅವರು ಆ ಗಿಡಕ್ಕೆ ಏನೇನು ಹಾಕುತ್ತಿದ್ದರು ಎಂದೂ ಕೇಳಿನೋಡಿ. "ಏನು ಹಾಕ್ತಿದ್ದೆ, ಏನೂ ಇಲ್ಲ" ಅಂತಲೇ ಅವರು ಅಂದಾರು. ಅದೇ ಅವರ ಕೈಗುಣ!

ಪ್ರೀತಿಯನ್ನು ಬಡಿಸಿಯೇ ತೋರಿಸಬೇಕೆಂದು ನಮಗೆ ಅಭ್ಯಾಸವಾಗಿದೆ. ಕೆಲವು ಗಿಡಗಳಿಗೆ ಬಡಿಸದೆಯೂ ತೋರಿಸಬೇಕಾಗುತ್ತದೆ.

ಹೂ ಬಿಟ್ಟ ರಾತ್ರಿ ಅತ್ತೆ ಏನಂದರು ಎಂದು ಬರೆಯಲು ಮರೆಯಬೇಡಿ. ಕಾಯುತ್ತಿರುತ್ತೇನೆ.